ಬೆನ್ನು ಮಾಡಿ ಕೂತ ಪರೀಕ್ಷಕರು

ಕೆಲಸ ಕೇಳಿಕೊಂಡು ಬಂದವರ ಕಡೆಗೆ ಬೆನ್ನು ಮಾಡಿ ಕೂತು ಅವರು ಪರೀಕ್ಷೆ ತೆಗೆದುಕೊಳ್ಳುತ್ತಿದ್ದರು. ಮೊದಲ ಸಲ ನೋಡಿದಾಗ, ಈ ಮನುಷ್ಯನಿಗೆ ಜನರ ಮುಖ ಕಂಡರಾಗುವುದಿಲ್ಲ ಎಂದುಕೊಂಡೆ. ಜನರ ಮುಖ ಕಂಡರೆ ಅವರಿಗೆ ಅಷ್ಟಾಗಿ ಆಗುತ್ತಿರಲಿಲ್ಲ ಎನ್ನುವುದೂ ನಿಜವೇ. ಬೆನ್ನು ಮಾಡುವುದಕ್ಕೆ ಮಾತ್ರ ಕಾರಣ ಬೇರೆ ಇತ್ತು.

ನಮ್ಮ ಪ್ರೆಸ್ಸಿನವರೆಲ್ಲ ಕಾಕಾ ಎಂದು ಕರೆಯುತ್ತಿದ್ದ ಅವರು ಹೋದ ದೀಪಾವಳಿಯ ಹೊತ್ತಿಗೆ ತೀರಿಕೊಂಡರು. ಪ್ರೆಸ್ಸಿನ ಮಾಳಿಗೆಯ ಮೇಲೆ ಸಂತಾಪ ಸಭೆ ಇಟ್ಟಿದ್ದರು. ಪುಣೆಯ ಪೇಟೆಗಳಲ್ಲಿರುವ ಬೇರೆ ಬೇರೆ ಪ್ರೆಸ್ಸುಗಳಿಂದ ಜನ ಬಂದಿದ್ದರು. ಕಾಕಾ ಬಹಳ ದೊಡ್ಡ ಮನಸ್ಸಿನವರು, ನಮ್ಮನ್ನೆಲ್ಲ ತಿದ್ದಿ ತೀಡಿದವರು ಎಂದು ಮರಾಠಿಯಲ್ಲಿ ಹೇಳಿ ಒಬ್ಬೊಬ್ಬರೇ ಕಣ್ಣೊರೆಸಿಕೊಂಡರು. ಅವರಲ್ಲಿ ಬಹುಪಾಲು ಜನರನ್ನು ಕಾಕಾ ಒಂದಲ್ಲ ಒಂದು ಸಲ ಫೇಲು ಮಾಡಿ ಕಳಿಸಿದ್ದರು. ಸಿಬ್ಬಂದಿ ವಿಭಾಗದವಳಾಗಿ ನನಗೆ ಅದು ಚೆನ್ನಾಗಿ ಗೊತ್ತು. ನನ್ನನ್ನೂ ಮಾತಾಡಲು ಕರೆದರು. ನನ್ನ ಮರಾಠಿ ತರಕಾರಿ ಕೊಳ್ಳುವುದಕ್ಕೆ ಸಾಕಾಗುತ್ತದೆ, ಸಂತಾಪಕ್ಕೆ ಸಾಲದು. ಕೈಮುಗಿದು ಕೂತೆ. ಅಲ್ಲಿ ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ತುಮಕೂರಿನವಳು. ಗಂಡನಿಗೆ ಹಿಂಜವಡಿಯ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ ಪುಣೆಗೆ ಬಂದೆವು. ಮನೆಯಲ್ಲಿ ಕೂತು ಬೇಜಾರಾಗಿ ನಾನೂ ಕೆಲಸ ಹುಡುಕಿದಾಗ ಸಿಕ್ಕಿದ್ದು ಈ ಪ್ರೆಸ್ಸಿನ ಸಿಬ್ಬಂದಿ ವಿಭಾಗ. ವಿಭಾಗ ಎಂದರೆ ನಾನು, ನನ್ನ ಮೇಜು ಮತ್ತು ಒಂದು ಕಬ್ಬಿಣದ ಕಪಾಟು. ಶಾಲೆಯ ಗೈಡುಗಳು, ಲಗ್ನಪತ್ರಿಕೆ, ಕ್ಯಾಲೆಂಡರು, ಹೋಟೆಲಿನ ದರಪಟ್ಟಿ, ಹೀಗೆ ಅಚ್ಚಾಗುವುದೆಲ್ಲ ನಮ್ಮಲ್ಲಿ ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಅಚ್ಚಾಗುತ್ತಿತ್ತು. ಅವನ್ನು ಕಂಪ್ಯೂಟರಿನಲ್ಲಿ ಪುಟ ಪುಟವಾಗಿ ಕಟ್ಟುವುದು ಡಿಟಿಪಿ ವಿಭಾಗ. ಅದಕ್ಕೆ ಕಾಕಾ ಮುಖ್ಯಸ್ಥರು. ಅವರ ಅಪ್ಪ ಆಳಂದದ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದವರಂತೆ. ಇವರು ಬೆಳೆದದ್ದೆಲ್ಲ ಇನ್ನೂ ಕಟ್ಟಿ ಮುಗಿಯದ ಮನೆಗಳಲ್ಲಿ. ಆಫೀಸಿನಲ್ಲಿ ಎಲ್ಲರ ಜೊತೆ ಠಾಕುಠೀಕು ಮರಾಠಿ; ನನ್ನ ಜೊತೆ, ಅದೂ ಬಾಗಿಲು ಹಾಕಿದ ಮೇಲೆ, ಕನ್ನಡ. ನನ್ನನ್ನು ‘ಬಾಯಾರ’ ಎನ್ನುತ್ತಿದ್ದರು. ಅವರ ಕಡೆ ಶಾಲೆಯ ಟೀಚರಮ್ಮನನ್ನು ಹಾಗೆ ಕರೆಯುತ್ತಾರಂತೆ. ನನ್ನ ಕನ್ನಡ ಕೇಳಿದರೆ ಯಾರೋ ಪೇಪರ್ ಓದಿದ ಹಾಗೆ ಆಗುತ್ತದೆ ಎಂದು ಮೊದಲ ವಾರದಲ್ಲೇ ಹೇಳಿದರು. ಅದು ಹೊಗಳಿಕೆಯೋ ಹೇಗೋ ನನಗೆ ಇವತ್ತಿಗೂ ತಿಳಿದಿಲ್ಲ.

ಕೆಲಸಕ್ಕೆ ಬಂದವರಿಗೆ ಅವರು ಕೊಡುತ್ತಿದ್ದ ಪರೀಕ್ಷೆ ಒಂದೇ. ಹೋಟೆಲಿನ ದರಪಟ್ಟಿ ಕಟ್ಟಬೇಕು. ಎಡಗಡೆ ತಿಂಡಿಯ ಹೆಸರು, ಬಲಗಡೆ ದರ. ಮಿಸಳ, ಪೋಹೆ, ಸಾಬೂದಾಣೆ ವಡೆ, ಚಹಾ, ಅಷ್ಟೆ. ಇದೇನು ಮಹಾ ಎಂದು ನಾನೂ ಅಂದುಕೊಂಡಿದ್ದೆ. ಆದರೆ ತಿಂಡಿಯ ಹೆಸರುಗಳು ಉದ್ದ ಗಿಡ್ಡ ಇರುತ್ತವೆ, ದರಗಳು ಮಾತ್ರ ಒಂದರ ಕೆಳಗೊಂದು ನೆಟ್ಟಗೆ ನಿಲ್ಲಬೇಕು. ಸರಿಯಾಗಿ ಕಲಿತವರು ಕಿರುಬೆರಳಿನಿಂದ ಟ್ಯಾಬ್ ಕೀ ಒತ್ತಿ ದರದ ಜಾಗವನ್ನು ಒಮ್ಮೆಗೇ ಗೊತ್ತು ಮಾಡುತ್ತಾರೆ. ಕಲಿಯದವರು ಸ್ಪೇಸ್ ಬಾರನ್ನು ಹೆಬ್ಬೆರಳಿನಿಂದ ಟಕ ಟಕ ಕುಟ್ಟಿ, ದರವನ್ನು ಅಲ್ಲಿಯವರೆಗೆ ತಳ್ಳಿಕೊಂಡು ಹೋಗುತ್ತಾರೆ. ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಗಿರಾಕಿ ಬಂದು ಅಕ್ಷರ ಸ್ವಲ್ಪ ದೊಡ್ಡದು ಮಾಡಿ ಎಂದಾಗ ಗೊತ್ತಾಗುತ್ತದೆ ಹಣೆಬರಹ. ಟ್ಯಾಬಿನ ಪುಟ ಹಾಗೇ ನಿಲ್ಲುತ್ತದೆ, ಸ್ಪೇಸ್ ಕುಟ್ಟಿದ ಪುಟದಲ್ಲಿ ಚಹಾದ ದರ ಒಂದು ಕಡೆ, ವಡೆಯ ದರ ಇನ್ನೊಂದು ಕಡೆ ಚೆಲ್ಲಾಪಿಲ್ಲಿಯಾಗುತ್ತದೆ.

ಅದಕ್ಕೇ ಅವರು ಪರದೆ ನೋಡುತ್ತಿರಲಿಲ್ಲ, ಕಿವಿ ಕೊಡುತ್ತಿದ್ದರು. ಪರೀಕ್ಷೆಯ ಕೋಣೆಯಲ್ಲಿ ಅವರ ಕುರ್ಚಿ ಗಾಜಿನ ಗೋಡೆಯ ಕಡೆ ಮುಖ ಮಾಡಿರುತ್ತಿತ್ತು. ಹಿಂದೆ ಕಂಪ್ಯೂಟರಿನ ಮುಂದೆ ಅಭ್ಯರ್ಥಿ. ಆ ಕಂಪ್ಯೂಟರಿಗೆ ಬಹಳ ಹಳೆಯ, ಗಡಗಡ ಸದ್ದು ಮಾಡುವ ಕೀಬೋರ್ಡನ್ನೇ ಇಟ್ಟಿದ್ದರು. ಹೊಸದು ತರಿಸುತ್ತೇನೆ ಎಂದರೆ ಬೇಡ ಎನ್ನುತ್ತಿದ್ದರು. ಮೂರನೆಯ ಸಾಲಿನ ಹೊತ್ತಿಗೆ ಅವರ ತೀರ್ಪು ಆಗಿಬಿಡುತ್ತಿತ್ತು. ನಾನು ಬೆಂಗಳೂರಿನಲ್ಲಿ ಕಲಿತ ವಿದ್ಯೆಯನ್ನೆಲ್ಲ ಹಾಕಿ, ವೇಗ, ನಿಖರತೆ, ವಿನ್ಯಾಸಪ್ರಜ್ಞೆ, ತಾಳ್ಮೆ ಎಂದೆಲ್ಲ ಕಾಲಂ ಎಳೆದು ಒಂದು ಮೌಲ್ಯಮಾಪನದ ಹಾಳೆ ಮಾಡಿಕೊಟ್ಟಿದ್ದೆ. ಅವರು ಅದರ ಮೇಲೆ ಅಡ್ಡಡ್ಡವಾಗಿ ‘ಹೂಂ’ ಅಥವಾ ‘ಊಹೂಂ’ ಎಂದು ಬರೆದು ಕೊಡುತ್ತಿದ್ದರು. ತಾಳ್ಮೆಯ ಕಾಲಂ ಯಾರಿಗೆ ಎಂದು ಒಮ್ಮೆ ಕೇಳಿದರು. ಅಭ್ಯರ್ಥಿಗೆ ಎಂದೆ. ಹಾಗಾದರೆ ಸರಿ ಎಂದರು.

ಊಹೂಂ ಆದವರಿಗೆ ತಿರುಗದೆಯೇ ಮರಾಠಿಯಲ್ಲಿ ಒಂದು ಪ್ರಶ್ನೆ ಕೇಳುತ್ತಿದ್ದರು: “ಕುಠೇ ಶಿಕಲಾತ?” ಎಲ್ಲಿ ಕಲಿತಿರಿ ಎಂದು. ಬಂದವರು ಯಾವುದಾದರೂ ಕಂಪ್ಯೂಟರ್ ಕ್ಲಾಸಿನ ಹೆಸರು ಹೇಳಿದರೆ, ಆ ಕ್ಲಾಸಿಗೆ ತಮ್ಮ ನಮಸ್ಕಾರ ತಿಳಿಸಿ ಎಂದು ಕಳಿಸುತ್ತಿದ್ದರು. ಈ ಸುದ್ದಿ ಊರಿನ ಕ್ಲಾಸುಗಳಿಗೆ ಮುಟ್ಟದೆ ಇರುತ್ತದೆಯೇ? ಕೆಲವು ಕ್ಲಾಸುಗಳವರು ಟ್ಯಾಬ್ ಒತ್ತುವುದನ್ನು ಕಲಿಸುವುದು ಬಿಟ್ಟು, ಸ್ಪೇಸ್ ಬಾರನ್ನು ಸದ್ದಾಗದಂತೆ ಒತ್ತುವುದು ಹೇಗೆಂದು ಕಲಿಸಿ ಕಳಿಸತೊಡಗಿದರು. ಅಂಥ ಒಬ್ಬ ಬಂದು ಕೂತ. ಕೋಣೆ ನಿಶ್ಶಬ್ದ. ಕಾಕಾ ಸ್ವಲ್ಪ ಹೊತ್ತು ಕೇಳಿ, ಈ ಹುಡುಗ ವಡೆಯಿಂದ ದರದವರೆಗೆ ಬರಿಗಾಲಲ್ಲಿ ನಡೆದು ಹೋಗುತ್ತಿದ್ದಾನೆ ಎಂದರು. ಊಹೂಂ.

ಅವರ ಕಿವಿ ತಪ್ಪುತ್ತಲೇ ಇರಲಿಲ್ಲ ಎಂದೇನಲ್ಲ. ಬಾರಾಮತಿಯ ಹುಡುಗನೊಬ್ಬನನ್ನು ಎರಡನೆಯ ಸಾಲಿಗೇ ಬೇಡವೆಂದರು. ನನಗೆ ಅನುಮಾನ ಬಂದು ಅವನ ಪುಟ ತೆಗೆದು ಅಕ್ಷರ ದೊಡ್ಡದು ಮಾಡಿ ನೋಡಿದೆ. ದರಗಳು ಕದಲಲಿಲ್ಲ. ವಿಚಾರಿಸಿದರೆ ಹುಡುಗನಿಗೆ ಹೆದರಿಕೆಗೆ ಕಾಲು ಕುಣಿಸುವ ಅಭ್ಯಾಸ, ಚಪ್ಪಲಿ ನೆಲಕ್ಕೆ ಬಡಿಯುತ್ತಿತ್ತು. ಕಾಕಾಗೆ ಹೇಳಿದೆ. ಚಪ್ಪಲಿ ಹೊರಗೆ ಬಿಟ್ಟು ಬರಬೇಕಿತ್ತು, ತಪ್ಪು ಅವನದೇ ಎಂದರು. ಹುಡುಗನನ್ನು ತೆಗೆದುಕೊಂಡರು. ಅವತ್ತಿನಿಂದ ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಡುವ ಪದ್ಧತಿ ಶುರುವಾಯಿತು. ಹೊಸಬರು ಒಳಗೆ ದೇವರ ಫೋಟೋ ಇದೆಯೆಂದು ತಿಳಿದು ಕೈಮುಗಿದುಕೊಂಡು ಬರುತ್ತಿದ್ದರು. ಕಾಕಾ ಅದನ್ನು ತಿದ್ದಲು ಹೋಗಲಿಲ್ಲ.

ಇಷ್ಟೊಂದು ಯಾಕೆ ಸರ್ ಎಂದು ಕೇಳಿದ್ದಕ್ಕೆ ಇಂದಾಪುರದ ಒಂದು ಮದುವೆಯ ಕಥೆ ಹೇಳಿದ್ದರು. ಲಗ್ನಪತ್ರಿಕೆಯಲ್ಲಿ ಎಡಕ್ಕೆ ಹುಡುಗನ ಕಡೆಯ ಹಿರಿಯರು, ಬಲಕ್ಕೆ ಹುಡುಗಿಯ ಕಡೆಯವರು. ಕಟ್ಟಿದವನು ಸ್ಪೇಸ್ ಕುಟ್ಟಿ ಕಟ್ಟಿದ್ದ. ಕೊನೆ ಗಳಿಗೆಯಲ್ಲಿ ಯಾರೋ ಅಕ್ಷರ ಬದಲಾಯಿಸಿದರು, ಯಾರೂ ನೋಡಲಿಲ್ಲ, ಅಚ್ಚಾಯಿತು. ಹುಡುಗನ ಸೋದರಮಾವ ಹುಡುಗಿಯ ಕಡೆಗೆ ಜಾರಿಬಿಟ್ಟ. ಮಾವ ಮಹಾ ಸ್ವಾಭಿಮಾನಿ. ಮದುವೆಯ ದಿನ ಕಾರ್ಡು ಕೈಯಲ್ಲಿ ಹಿಡಿದು ಹುಡುಗಿಯ ಕಡೆಯ ಪಂಕ್ತಿಯಲ್ಲಿ ಹೋಗಿ ಕೂತು ಊಟ ಮಾಡಿದನಂತೆ. ಎಷ್ಟು ಕರೆದರೂ ಏಳಲಿಲ್ಲವಂತೆ. ಇವತ್ತಿಗೂ ಆ ಎರಡು ಮನೆಗಳಲ್ಲಿ ಮಾತುಕತೆ ನೆಟ್ಟಗಿಲ್ಲ ಎಂದು ಕಾಕಾ ಮುಖದ ಒಂದು ಗೆರೆಯೂ ಅಲುಗದಂತೆ ಹೇಳಿದ್ದರು. ಕಟ್ಟಿದವನು ಯಾರು ಎಂದು ನಾನು ಆಗ ಕೇಳಲಿಲ್ಲ.

ಅವರ ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು. ಮಗನ ಸಂಸಾರದ ಜೊತೆ ಹಡಪಸರದಲ್ಲಿದ್ದರು. ಒಬ್ಬ ಮಗಳಿದ್ದಾಳೆ, ದೌಂಡಿಗೆ ಕೊಟ್ಟಿದೆ, ಅಳಿಯ ರೈಲ್ವೆಯಲ್ಲಿದ್ದಾನೆ ಎಂದು ಒಮ್ಮೆ ಹೇಳಿದ್ದರು. ಆ ಮಾತು ಮುಂದುವರಿಸಲಿಲ್ಲ.

ಒಂದು ಏಪ್ರಿಲ್‌ನಲ್ಲಿ ಕನ್ನಡ ಮರಾಠಿ ಎರಡೂ ಬರುವ ಒಬ್ಬರು ಬೇಕೆಂದು ಜಾಹೀರಾತು ಕೊಟ್ಟಿದ್ದೆವು. ಬಂದವರಲ್ಲಿ ಒಬ್ಬ ಹೆಂಗಸು ಕೋಣೆಗೆ ಹೋಗುವ ಮುಂಚೆ ನನ್ನ ಮೇಜಿನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಮಾತಾಡಿದಳು. “ಒಳಗ ಕುಂತಾರಲ್ರಿ, ಅವ್ರು ನಮ್ಮಪ್ಪ. ನಾ ಬಂದೀನಂತ ಹೇಳಬ್ಯಾಡ್ರಿ. ಗೊತ್ತಾದ್ರ ಎದ್ದು ಹೋಗ್ತಾರ.”

ಕೂರಿಸಿ ಚಹಾ ಕೊಟ್ಟೆ. ಗಂಡ ಕೈ ಮಾಡುತ್ತಾನೆ ಎಂದಳು. ಆರು ವರ್ಷದ ಮಗಳನ್ನು ಕರೆದುಕೊಂಡು ತವರಿಗೆ ಬಂದು ಕೂತಿದ್ದಾಳೆ. ದೌಂಡಿನಿಂದ ಹಿರಿಯರು ಬಂದು ಅಣ್ಣನ ಜೊತೆ ಮಾತಾಡಿ ತೀರ್ಮಾನ ಮಾಡಿದ್ದಾರೆ: ಜೂನ್‌ನಲ್ಲಿ ಶಾಲೆ ತೆರೆಯುವುದರೊಳಗೆ ಇವಳಿಗೆ ತನ್ನ ಕಾಲ ಮೇಲೆ ನಿಲ್ಲುವ ಕೆಲಸ ಸಿಕ್ಕರೆ ಸರಿ, ಇಲ್ಲವಾದರೆ ಮಗುವಿನ ಜೊತೆ ದೌಂಡಿಗೆ ವಾಪಸು. ಅಪ್ಪ ಏನಂದರು ಎಂದು ಕೇಳಿದೆ. ಆ ದಿನವೆಲ್ಲ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು ಎಂದಳು. ನನಗೆ ಕಾಕಾ ಮೇಲೆ ಆ ಕ್ಷಣದಲ್ಲಿ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅವಳನ್ನು ಒಳಗೆ ಕಳಿಸಿದೆ, ನಾನೂ ಹೋಗಿ ಮೂಲೆಯಲ್ಲಿ ನಿಂತೆ. ಹಾಳೆಯಲ್ಲಿ ಹೆಸರಿನ ಬದಲು ಬರೀ ನಂಬರು ಬರೆದಿದ್ದರಿಂದ ಅದನ್ನು ನೋಡಿಯೂ ಅವರಿಗೆ ಗೊತ್ತಾಗಲಿಲ್ಲ. ಅವಳು ಚುರುಕಾಗಿಯೇ ಟೈಪ್ ಮಾಡಿದಳು. ಮಿಸಳ ಎಂದು ಹೊಡೆದಳು, ಆಮೇಲೆ ಟಕ ಟಕ ಟಕ ಟಕ. ನನ್ನಂಥವಳಿಗೂ ಕೇಳಿಸಿತು. ಪೋಹೆ, ಮತ್ತೆ ಟಕ ಟಕ. ಕಾಕಾ ಪೆನ್ನಿನ ಮುಚ್ಚಳ ತೆಗೆದು ಊಹೂಂ ಎಂದು ಬರೆದರು. ತಿರುಗದೆಯೇ ಕೇಳಿದರು, “ಕುಠೇ ಶಿಕಲಾತ?”

ಅವಳು ಕನ್ನಡದಲ್ಲಿ ಹೇಳಿದಳು. “ಮನ್ಯಾಗ. ನಿನ್ನ ಹಿಂದ ನಿಂತು ನೋಡಿ ಕಲ್ತೀನಿ, ಅಪ್ಪಾ.”

ಅವರು ತಕ್ಷಣ ತಿರುಗಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿದರು. ಅದನ್ನು ಜೇಬಿಗೆ ಸಿಕ್ಕಿಸಿದರು. ಆಮೇಲೆ ಕುರ್ಚಿಯನ್ನೇ ತಿರುಗಿಸಿ ಅವಳ ಕೈಗಳನ್ನು ನೋಡಿದರು. ಮುಖ ನೋಡಲಿಲ್ಲ.

ಆಮೇಲೆ ತಿಳಿದದ್ದು ಇಷ್ಟು. ಅವಳು ಚಿಕ್ಕವಳಿದ್ದಾಗ ಅವರು ಕಂತಿನ ಮೇಲೆ ಒಂದು ಕಂಪ್ಯೂಟರ್ ತಂದು ಮನೆಯಲ್ಲಿ ಲಗ್ನಪತ್ರಿಕೆ ಕಟ್ಟುತ್ತಿದ್ದರಂತೆ. ಆಗ ಅವರಿಗೂ ಯಾರೂ ಕಲಿಸಿರಲಿಲ್ಲ, ಸ್ಪೇಸ್ ಕುಟ್ಟಿಯೇ ಕಟ್ಟುತ್ತಿದ್ದರು. ಮಗಳು ಹಿಂದೆ ನಿಂತು ನೋಡುತ್ತಿದ್ದಳು. ಇಂದಾಪುರದ ಸೋದರಮಾವನನ್ನು ಜಾರಿಸಿದವರು ಇವರೇ. ಅದಾದ ಮೇಲೆ ಸರಿಯಾದ ರೀತಿ ಕಲಿತರು, ಪ್ರೆಸ್ಸಿಗೆ ಸೇರಿದರು, ಊರಿಗೆಲ್ಲ ಕಲಿಸಿದರು. ಅಷ್ಟು ಹೊತ್ತಿಗೆ ಮಗಳಿಗೆ ಮದುವೆಯಾಗಿತ್ತು. ಅವಳ ಹೆಬ್ಬೆರಳಿನಲ್ಲಿ ಅಪ್ಪನ ಹಳೆಯ ಅಭ್ಯಾಸ ಹಾಗೇ ಉಳಿದಿತ್ತು.

ಆ ದಿನ ಅವಳು ಹೋದ ಮೇಲೆ ನಾನು ಬಾಗಿಲು ಹಾಕಿ ನೇರವಾಗಿ ಕೇಳಿದೆ. ಈ ಹಾಳೆ ನನ್ನ ಕಪಾಟಿಗೆ ಹೋಗುತ್ತದೆ, ನಾನೂ ನೀವೂ ಬಿಟ್ಟರೆ ಯಾರೂ ನೋಡುವುದಿಲ್ಲ. ಟ್ಯಾಬ್ ಒತ್ತುವುದನ್ನು ಕೆಲಸಕ್ಕೆ ಸೇರಿದ ಮೇಲೆ ಕಲಿಸಿದರಾಯಿತು. ಅವಳು ದೌಂಡಿಗೆ ಹೋದರೆ ಏನಾಗುತ್ತದೆ ಗೊತ್ತಿದೆಯಾ ನಿಮಗೆ ಎಂದೆ. ದನಿ ಏರಿತ್ತು. ಅವರು ನನ್ನ ಮಾತು ಮುಗಿಯುವವರೆಗೆ ಕಾದರು.

“ಗೊತ್ತದರಿ ಬಾಯಾರ,” ಎಂದರು. “ಇವತ್ತ ಹೂಂ ಅಂತ ಬರದ್ರ, ಆಕಿ ಇಲ್ಲಿ ಇರೋತನಾ ಕಾಕಾನ ಮಗಳು ಅಂತ ಇರ್ತಾಳ. ನಾ ರಿಟೈರ್ ಆದ ಮರುದಿನ ಆಕಿನ್ನ ಹೊರಗ ಹಾಕ್ತಾರ. ಆವಾಗ ದೌಂಡಕ್ಕ ಯಾರು ಅಡ್ಡ ನಿಲ್ಲೋರು?”

ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿರಲಿಲ್ಲ. ಆ ಸುತ್ತಿನಲ್ಲಿ ಯಾರೂ ಪಾಸಾಗಿರಲಿಲ್ಲವಾದ್ದರಿಂದ ಮೇ ಕೊನೆಗೆ ಮತ್ತೆ ಪರೀಕ್ಷೆ ಇಡಬೇಕಿತ್ತು. ಇಡಿ ಎಂದರು. ಅವಳನ್ನೂ ಕರೆಯಿರಿ, ಆದರೆ ಅವತ್ತು ನಾನು ಆ ಕುರ್ಚಿಯ ಮೇಲೆ ಕೂರುವುದಿಲ್ಲ, ನೀವೇ ಕೂರಬೇಕು ಎಂದರು. ನನಗೆ ಕಿವಿಯಿಲ್ಲವಲ್ಲ ಸರ್ ಎಂದೆ. ಹಾಗಾದರೆ ಕೇಳಿ, ಆಮೇಲೆ ಅಕ್ಷರ ದೊಡ್ಡದು ಮಾಡಿ ನೋಡಿ ಎಂದರು. ತಮ್ಮ ವಿದ್ಯೆಗೆ ಅವರು ಕೊಟ್ಟ ರಿಯಾಯಿತಿ ಅದೊಂದೇ.

ಆ ಒಂದೂವರೆ ತಿಂಗಳು ಅವರ ಮನೆಯಲ್ಲಿ ನಡೆದದ್ದನ್ನು ಮಗಳೇ ನನಗೆ ಫೋನಿನಲ್ಲಿ ಹೇಳಿದಳು. ದಿನಾ ಸಂಜೆ ಅವಳು ಹಜಾರದಲ್ಲಿ ಕೂತು ದರಪಟ್ಟಿ ಕಟ್ಟಬೇಕು. ಅಪ್ಪ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿರುತ್ತಾರೆ. ಮೊದಲ ದಿನ ಟ್ಯಾಬ್ ತೋರಿಸಿಕೊಟ್ಟರು, ಅಷ್ಟೆ; ಆಮೇಲೆ ಬಯ್ಯುವುದಿಲ್ಲ, ಎದ್ದು ಬಂದು ತೋರಿಸುವುದೂ ಇಲ್ಲ. ಅವಳ ಹೆಬ್ಬೆರಳು ಒಂದರ ಮೇಲೆ ಇನ್ನೊಂದು ಸಲ ಸ್ಪೇಸ್ ಒತ್ತಿತೋ, ಒಳಗಿನಿಂದ ಒಂದು ಕೆಮ್ಮು. ಮೊದಮೊದಲು ಸಂಜೆಯೆಲ್ಲ ಕೆಮ್ಮಿದರಂತೆ. ಅಣ್ಣ ಗಾಬರಿಯಾಗಿ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎದೆಯ ಎಕ್ಸ್‌ರೇ ತೆಗೆಸಿದ. ಡಾಕ್ಟರು ಏನೂ ಇಲ್ಲ ಎಂದರು. ಕಾಕಾ ಡಾಕ್ಟರು ಬರೆದುಕೊಟ್ಟ ಔಷಧಿಯನ್ನು ಕುಡಿದು, ಸಂಜೆ ಬಂದು ಮತ್ತೆ ಬೆಳ್ಳುಳ್ಳಿಯ ಮುಂದೆ ಕೂತು ಕೆಮ್ಮಿದರು. ಬರಬರುತ್ತ ಕೆಮ್ಮು ಕಡಿಮೆಯಾಯಿತು. ಔಷಧಿ ಒಳ್ಳೆಯದು ಎಂದು ಅಣ್ಣ ಇನ್ನೂ ಒಂದು ಬಾಟಲಿ ತಂದಿಟ್ಟನಂತೆ.

ಪರೀಕ್ಷೆಯ ದಿನ ಅವರ ಕುರ್ಚಿಯಲ್ಲಿ ನಾನು ಕೂತೆ. ಅಲ್ಲಿ ಕೂತರೆ ಗಾಜಿನಾಚೆ ಆಫೀಸಿನ ಪಡಸಾಲೆ, ನೀರಿನ ಫಿಲ್ಟರು, ಒಂದು ಬೆಂಚು ಕಾಣುತ್ತದೆ. ಆ ಬೆಂಚಿನ ಮೇಲೆ ಕಾಕಾ ಬಂದು ಕೂತರು. ಗಾಜಿನ ಗೋಡೆ ಸೂರಿನವರೆಗೆ ಇಲ್ಲ, ಮೇಲೆ ತೆರೆದಿದೆ. ಒಳಗಿನ ಸದ್ದು ಹೊರಗೂ ಹೊರಗಿನದು ಒಳಗೂ ಕೇಳುತ್ತದೆ. ಮಗಳು ಚಪ್ಪಲಿ ಬಿಟ್ಟು ಒಳಗೆ ಬಂದಳು. ಕೀಬೋರ್ಡ್ ಗಡಗಡ ಎಂದಿತು.

ಮೊದಲ ಸಾಲುಗಳು ಸರಿಯಾಗಿ ಹೋದವು. ಕಿವಿಯಿಲ್ಲದ ನನಗೂ ಕಿರುಬೆರಳಿನ ಟ್ಯಾಬಿನ ಸದ್ದು ಬೇರೆಯೆಂದು ಗೊತ್ತಾಗುತ್ತಿತ್ತು. ಸಾಬೂದಾಣೆ ವಡೆಯ ಹತ್ತಿರ ಬಂದಾಗ ಹಿಂದಿನಿಂದ ಟಕ ಟಕ ಎಂದು ಕೇಳಿತು. ಗಾಜಿನಾಚೆ ಕಾಕಾ ಕತ್ತು ಚಾಚಿ ಕೂತಿದ್ದರು. ಬಾಯಿ ತೆರೆದರು. ತಕ್ಷಣ ಜೇಬಿನಿಂದ ಕರವಸ್ತ್ರ ತೆಗೆದು ಎರಡೂ ಕೈಯಲ್ಲಿ ಬಾಯಿಗೆ ಒತ್ತಿ ಹಿಡಿದರು. ಮುಖ ಕೆಂಪಾಗಿ ಕುತ್ತಿಗೆಯ ನರ ಉಬ್ಬಿತ್ತು. ಕೆಮ್ಮು ಬರಲಿಲ್ಲ. ಒಳಗೆ ಕೀಬೋರ್ಡೂ ನಿಂತುಬಿಟ್ಟಿತು. ಅವಳು ಆ ಕೆಮ್ಮಿಗೇ ಕಾಯುತ್ತಿದ್ದಾಳೆ ಎಂದು ನನಗೆ ಅನ್ನಿಸಿತು. ತಿರುಗಿ ಏನಾದರೂ ಹೇಳಿಬಿಡೋಣ ಎನ್ನುವಷ್ಟು ಸಂಕಟವಾಯಿತು, ಹಲ್ಲು ಕಚ್ಚಿ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಹೊಡೆದದ್ದನ್ನು ಅಳಿಸಿದ ಸದ್ದು ಬಂತು. ಆಮೇಲೆ ಕಿರುಬೆರಳಿನ ಟ್ಯಾಬ್. ಆಮೇಲೆ ದರ.

ಮುಗಿದ ಮೇಲೆ ನಾನೇ ಅಕ್ಷರ ದೊಡ್ಡದು ಮಾಡಿದೆ. ಇನ್ನೂ ದೊಡ್ಡದು ಮಾಡಿದೆ. ದರಗಳು ಒಂದರ ಕೆಳಗೊಂದು ನಿಂತೇ ಇದ್ದವು. ಸೋಮವಾರದಿಂದ ಬಾ ಎಂದೆ. ಅವಳು ಮೇಜಿನ ಮೇಲೆ ತಲೆಯಿಟ್ಟು ಅತ್ತಳು, ನಾನೂ ಸ್ವಲ್ಪ ಅತ್ತೆ.

ಹೊರಗೆ ಬಂದಾಗ ಕಾಕಾ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡುತ್ತಿದ್ದರು. ಕೆಮ್ಮು ಬಂದಿತ್ತಲ್ಲ ಸರ್ ಎಂದೆ.

“ಬಂದಿತ್ತರಿ,” ಎಂದರು. “ನುಂಗಿದೆ.”

ಆಮೇಲೆ ಫೋನ್ ತೆಗೆದು, ಕನ್ನಡಕ ಹಣೆಗೇರಿಸಿ ನಂಬರು ಹುಡುಕಿದರು. ಸಿಗಲಿಲ್ಲವೆಂದು ನನ್ನ ಕೈಗೆ ಕೊಟ್ಟು, ದೌಂಡಿನ ಬೀಗರಿಗೆ ಹಚ್ಚಿ ಕೊಡ್ರಿ ಎಂದರು. ಹಚ್ಚಿ ಕೊಟ್ಟೆ. ಆ ಕಡೆಯಿಂದ ದೊಡ್ಡ ದನಿಯಲ್ಲಿ ಕ್ಷೇಮಸಮಾಚಾರ ಶುರುವಾಯಿತು. ಕಾಕಾ ಅದು ಮುಗಿಯುವವರೆಗೆ ಕಾಯಲಿಲ್ಲ.

“ನನ್ನ ಮಗಳು ಬರಂಗಿಲ್ರಿ,” ಎಂದರು. “ಕೂಸೂ ಬರಂಗಿಲ್ಲ.”

ಆ ಕಡೆಯವರು ಏನೋ ಕೇಳಿದರು.

“ಇಲ್ರಿ, ಮಗನ್ನ ಕೇಳಿಲ್ಲ, ಯಾರನ್ನೂ ಕೇಳಿಲ್ಲ. ನಾ ಹೇಳ್ಲಿಕ್ಕತ್ತೀನಿ.”